ಅವ್ವ ಹೇಳದ ಗಂಟೆ

"ಎಷ್ಟು ಗಂಟೆಗೆ ಶುರುವಾಯಿತು?" ಡಾಕ್ಟರ್ ಮೂರನೇ ಸಲ ಕೇಳಿದರು.

ಅವ್ವ ಮೂರನೇ ಸಲವೂ ಅದನ್ನೇ ಹೇಳಿದಳು. "ಮುಂಜಾನಿಂದ ಒಂದ್ ಥರಾ ಮಾಡಾಕತ್ತಾರ್ರಿ…"

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಎಮರ್ಜೆನ್ಸಿ ವಾರ್ಡ್. ಅಪ್ಪನ ಬಾಯಿ ಎಡಕ್ಕೆ ವಾಲಿತ್ತು, ಬಲಗೈ ಏಳುತ್ತಿರಲಿಲ್ಲ. ಸ್ಟ್ರೋಕ್.

ಶುರುವಾಗಿ ಕೆಲವೇ ಗಂಟೆಯೊಳಗಾದರೆ ಒಂದು ಇಂಜೆಕ್ಷನ್ ಕೊಡಬಹುದಂತೆ. ಮುಂಜಾನೆಯಿಂದಲೇ ಆಗಿದ್ದರೆ ಕೊಡುವುದು ಅಪಾಯವಂತೆ.

ನಾನು ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಇಂಗ್ಲಿಷ್ ಗ್ರಾಮರ್ ಹೇಳಿಕೊಡುವವಳು. ಪಾಸ್ಟ್, ಪ್ರೆಸೆಂಟ್, ಕಂಟಿನ್ಯುಯಸ್ ಎಂದು ದಿನಾ ಬೋರ್ಡಿನ ಮೇಲೆ ಗೆರೆ ಎಳೆಯುತ್ತೇನೆ. ಅದೇ ದರ್ಪದಲ್ಲಿ ಅವ್ವನ ಮೇಲೆ ರೇಗಿಬಿಟ್ಟೆ. "ಮಾಡಾಕತ್ತಾರ ಅಂದ್ರ ಯಾವಾಗಿಂದವ್ವಾ? ಟೈಮ್ ಹೇಳು!"

"ಮುಂಜಾನಿ ನಾಷ್ಟಾ ಬ್ಯಾಡ ಅಂತ ಸುಮ್ನ ಕುಂತಿದ್ರು. ನಾ ರೊಟ್ಟಿ ಬಡಿಯಾಕತ್ತಿದ್ನಿ. ಅವರು ಚಪ್ಪಲಿ ಮೆಟ್ಟಾಕತ್ತಿದ್ರು… ಹಂಗ ವಾಲಾಕತ್ತಿದ್ರು… ಅವರನ್ನ ನೋಡ್ಲ್ಯೋ, ಗಡಿಯಾರ ನೋಡ್ಲ್ಯೋ ನಾ?"

ಅವಳ ಮಾತಿನಲ್ಲಿ ಎಲ್ಲವೂ ನಡೆಯುತ್ತಲೇ ಇತ್ತು. ಶುರುವಾಗಿದ್ದು ಮಾತ್ರ ಎಲ್ಲೂ ಇರಲಿಲ್ಲ.

ಮುಂಜಾನೆ ಅಪ್ಪ ಸುಮ್ಮನೆ ಕೂತಿದ್ದು ಹಸಿವಿಲ್ಲದ್ದಕ್ಕೋ, ಇದಕ್ಕೋ?

ಆಗ ನೆನಪಾಯಿತು. ಅಪ್ಪನಿಗೆ ಟೈಪ್ ಮಾಡಲು ಬರುವುದಿಲ್ಲ, ಏನಿದ್ದರೂ ವಾಯ್ಸ್ ಮೆಸೇಜ್. ಮೊಬೈಲ್ ತೆಗೆದು ನೋಡಿದರೆ ಕ್ಲಾಸಿನಲ್ಲಿದ್ದಾಗ ಬಂದ ಒಂದು ಮೆಸೇಜ್ ಕೇಳದೆ ಹಾಗೇ ಉಳಿದಿದೆ. ಬಂದಿದ್ದು ಮಧ್ಯಾಹ್ನ ಹನ್ನೆರಡು ಹತ್ತಕ್ಕೆ.

ಡಾಕ್ಟರ ಎದುರಿಗೇ ಒತ್ತಿದೆ.

"ಅಮರಗೋಳಕ್ಕ ಹೊಂಟೇನವಾ. ಸಂಜಿಗೆ ಮನಿಗೆ ಬರಾಕಿದ್ರ ಹೇಳು, ಹಸಿ ಶೇಂಗಾ ತರತೇನಿ."

ಒಂದಕ್ಷರವೂ ತೊದಲಿಲ್ಲ.

ಡಾಕ್ಟರ್ ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. "ಇಲ್ಲೀತನಕ ಮಾತು ಸರಿ ಐತಿ. ಇದನ್ನ ಹಿಡಿಯೂಣು" ಎಂದವರೇ ವಾಚ್ ನೋಡಿಕೊಂಡು ನರ್ಸನ್ನು ಕೂಗಿದರು. ಇಂಜೆಕ್ಷನ್ ಕೊಡಲು ಇನ್ನೂ ಟೈಮ್ ಇತ್ತು.

ಹೊಂಟೇನಿ ಅಂದ ಅಪ್ಪ ಹೊಸ್ತಿಲು ಕೂಡ ದಾಟಿರಲಿಲ್ಲ. ನಾನು ಅವ್ವನ ಕೈ ಹಿಡಿದುಕೊಂಡು ಅಳುತ್ತಾ ಕೂತೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು.

ಇದೆಲ್ಲ ಆಗಿ ಮೂರು ವಾರ. ಅಪ್ಪ ಈಗ ಮನೆಯಲ್ಲಿದ್ದಾನೆ. ನಿನ್ನೆ ಚಮಚ ಹಿಡಿದನಂತೆ, ಬಾಯಿತನಕ ಹೋಗುವಷ್ಟರಲ್ಲಿ ಬಿತ್ತಂತೆ. ಮಾತು ಇನ್ನೂ ಅರ್ಧಕ್ಕೇ ನಿಲ್ಲುತ್ತದೆ.

ಕ್ಲಾಸ್ ಮುಗಿದ ಕೂಡಲೇ ಅವ್ವನಿಗೆ ಫೋನ್ ಮಾಡುತ್ತೇನೆ. ದಿನಾ ಒಂದೇ ಉತ್ತರ. "ಆರಾಮ ಆಗಾಕತ್ತಾರ."

ಯಾವಾಗ ಆಗ್ತಾರವ್ವಾ ಎಂದು ಕೇಳಲು ಈಗ ನನಗೇ ಧೈರ್ಯವಿಲ್ಲ…