ಕರಿಯಮ್ಮನ ಕೆಂಪು ಕರಡಿ

ಕಳೆದ ಭಾನುವಾರ ಹರಿಯಬ್ಬೆ ಊರಿನ ಶೇಂಗಾ ಹೊಲದಲ್ಲಿ ಒಂದು ಕರಡಿ ನೋಡಿದೆ. ಕೆಂಪು ಬಣ್ಣದ್ದು. ಕಬ್ಬಿಣದ್ದು. ಮೈಮೇಲೆ ಬಿಳಿ ಪೇಂಟಿನಲ್ಲಿ ‘ಕರಡಿ’ ಎಂದೇ ಬರೆದಿತ್ತು!

ಇಂಥ ಹೆಸರುಗಳಿಗೇನು ಬರವೇ? ಚಿತ್ರದುರ್ಗದಲ್ಲಿ ನಮ್ಮ ಬೀದಿಯ ಕ್ರಿಕೆಟ್ ಟೀಮು ‘ಟೈಗರ್ಸ್’. ಹಿಂದಿನ ಬೀದಿಯವರು ‘ಪ್ಯಾಂಥರ್ಸ್’. ಹೊಳಲ್ಕೆರೆಗೆ ಬಂದಿದ್ದ ಎಕ್ಸಿಬಿಷನ್‌ನಲ್ಲಿ ಗಿರಗಿರ ತಿರುಗುವ ಆಟಕ್ಕೆ ‘ಕೋಬ್ರಾ’ ಅಂತ ಬೋರ್ಡು. (ಅದರಿಂದ ಇಳಿದ ನಮ್ಮ ಯಜಮಾನರು ಅರ್ಧ ಗಂಟೆ ಕಂಬ ಹಿಡಿದೇ ನಿಂತಿದ್ದರು.) ಇವರಲ್ಲಿ ಹುಲಿಯನ್ನು ಎದುರಿಗೆ ಕಂಡವರು ಯಾರಿದ್ದಾರೆ? ಕಾಣದ ಪ್ರಾಣಿಯ ಮೇಲೆ ನಮಗೆ ಪ್ರೀತಿ ಜಾಸ್ತಿ.

ನನ್ನ ಹೈಸ್ಕೂಲ್ ಗೆಳತಿ ಕರಿಯಮ್ಮ ಮಾತ್ರ ತಾನು ಹೆಸರಿಟ್ಟ ಪ್ರಾಣಿಯನ್ನು ಕಂಡಿದ್ದಾಳೆ. ಮೂರು ವರ್ಷದ ಹಿಂದೆ ಬೆಳಗ್ಗೆ ಹೊಲಕ್ಕೆ ಹೋದವಳ ಮೇಲೆ ಕರಡಿ ಬಿತ್ತು. ಜೀವ ಉಳಿಯಿತು. ಬಲಗೈಯ ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ.

ಶೇಂಗಾ ಗಿಡವನ್ನು ಬುಡ ಹಿಡಿದು ಕೀಳಬೇಕು. ಬೆರಳೇ ಮಡಚದಿದ್ದರೆ? ಹೊಲ ಗುತ್ತಿಗೆಗೆ ಕೊಟ್ಟುಬಿಡು ಎಂದರು ಊರವರು. ಅವಳು ಕೊಡಲಿಲ್ಲ. ಹಿರಿಯೂರಿನಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ತಮ್ಮ ತಿಪ್ಪೇಸ್ವಾಮಿಯ ಹತ್ತಿರ ಹೋದಳು. ಎಡಗೈಯಲ್ಲಿ ಚಾಕ್‌ಪೀಸ್ ಹಿಡಿದು ನೆಲದ ಮೇಲೆ ಗೀಚಿದಳು: ಸಾಲಾಗಿ ಐದು ಬಾಗಿದ ಉಗುರು. ಉಳುವ ಟಿಲ್ಲರ್ ಹಿಂದೆ ಕಟ್ಟಿ ಎಳೆದರೆ ಅವು ಮಣ್ಣಿಗಿಳಿದು ಗಿಡವನ್ನು ಬುಡಸಮೇತ ಎತ್ತಬೇಕು.

ತಿಪ್ಪೇಸ್ವಾಮಿ ಮಾಡಿಕೊಟ್ಟ ಆ ಯಂತ್ರವೇ ಈ ಕೆಂಪು ಕರಡಿ. ಮೊದಲ ಸಲ ಅದರ ಉಗುರುಗಳೇ ಸೊಟ್ಟಗಾದವು. ಎರಡನೇ ಸಲ ಗಿಡ ಬಂತು, ಕಾಯಿ ಮಣ್ಣಲ್ಲೇ ಉಳಿಯಿತು. ಬದುವಿನ ಮೇಲೆ ನಿಂತವರು ನಕ್ಕರಂತೆ. ಭಾನುವಾರದ್ದು ಮೂರನೇ ಪ್ರಯತ್ನ. ಧೈರ್ಯಕ್ಕೆ ಅಂತ ನನ್ನನ್ನು ಕರೆಸಿಕೊಂಡಿದ್ದಳು.

“ಅಲ್ಲ ಕಣೇ, ನಿನ್ನ ಕೈ ಹಾಳು ಮಾಡಿದ ಪ್ರಾಣಿ ಹೆಸರೇ ಬೇಕಿತ್ತಾ?” ಎಂದೆ.

“ಇನ್ಯಾವ ಹೆಸರು ಇಡಲಿ ಹೇಳು? ಅದ್ರ ಉಗುರಿನ ತಾಕತ್ತು ಈ ಊರಾಗೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತೈತೆ? ಅದೂ ಹೊಟ್ಟೆಪಾಡಿಗೆ ಬಂದಿತ್ತು ಬಿಡು. ನನ್ನಂಗೇ ಹೆದರಿತ್ತು.”

ತಿಪ್ಪೇಸ್ವಾಮಿ ಟಿಲ್ಲರ್ ಸ್ಟಾರ್ಟ್ ಮಾಡಿದ. ಕರಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಉಗುರು ಒಳಗಿಳಿಯಿತು. ಒಂದು ಗಿಡ ಎದ್ದಿತು. ಇನ್ನೊಂದು. ಆಮೇಲೆ ಇಡೀ ಸಾಲೇ ಮಗುಚಿ ಮಲಗಿತು! ಅವಳು ಓಡಿಹೋಗಿ ಗಿಡವೊಂದನ್ನು ಎತ್ತಿ ಕೊಡವಿದಳು. ಬೇರಿನ ತುಂಬ ಕಾಯಿ. ಆದರೂ ಸಮಾಧಾನವಿಲ್ಲ. ಮಂಡಿಯೂರಿ ಮಣ್ಣು ಕೆದಕಿದಳು. ಅಲ್ಲೊಂದು ಇಲ್ಲೊಂದು ಕಾಯಿ ಉಳಿದಿತ್ತು.

“ಲೇ ತಿಪ್ಪೇಶಿ, ಇನ್ನೊಂಚೂರು ಆಳಕ್ಕೆ ಇಳಿಸ್ಬೇಕು ಕಣೋ” ಎಂದು ಕೂಗಿದಳು. ಕೂಗುತ್ತಲೇ ಕಣ್ಣು ಒರೆಸಿಕೊಂಡಳು. (ಧೂಳಂತೆ!)

ಅಷ್ಟರಲ್ಲಿ ಪಕ್ಕದ ಹೊಲದ ಹನುಮಂತಪ್ಪ ಬದು ದಾಟಿ ಬಂದರು. ಒಂದು ಗಿಡ ಎತ್ತಿ ನೋಡಿದರು. ಇನ್ನೊಂದನ್ನೂ ನೋಡಿದರು.

“ಏನವ್ವ ಕರಿಯಮ್ಮ, ನಾಳೆ ನಮ್ ಹೊಲಕ್ಕೂ ನಿನ್ ಕರಡಿ ಕಳಿಸ್ತೀಯಾ?”

ಹೊಲಕ್ಕೆ ಬಾ ಎಂದು ಕರಡಿಯನ್ನು ಯಾರಾದರೂ ಕರೆದಿದ್ದನ್ನು ನೀವು ಕೇಳಿದ್ದೀರಾ?