ಕುಂಕುಮ ಮೆತ್ತಿದ ಮೋಟರ್

ಎಣ್ಣೆ ಜಿಡ್ಡಿನ ಮೇಲೆ ಕೂತ ಕುಂಕುಮ ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಆಯುಧಪೂಜೆಯ ಮಾರನೆಯ ದಿನ ಗಾಣ ಓಡಿಸಿದರೆ ಸಾಕು, ಆ ವಾಸನೆಗೆ ಕಡೂರಿನ ಮೋಟರ್ ಅಂಗಡಿಯಣ್ಣ ನೆನಪಾಗುತ್ತಾರೆ... ನಾನು ಹಿಡಿಯಷ್ಟಾಗುತ್ತೇನೆ.

ಅಜ್ಜಂಪುರದಲ್ಲಿ ನಮ್ಮದು ಕೊಬ್ಬರಿ ಎಣ್ಣೆ ಗಾಣ. ನಿಧಾನ ತಿರುಗಿಸಿದರೆ ಎಣ್ಣೆಯ ಘಮ ಉಳಿಯುತ್ತದೆ ಎಂದು ಯಾರೋ ಹೇಳಿದ್ದರು. ಮೋಟರಿನ ವೇಗ ಏರಿಸಿ ಇಳಿಸುವ ಪೆಟ್ಟಿಗೆ, ಅದೇ ಡ್ರೈವ್ ಅಂತಾರಲ್ಲ, ಅದನ್ನು ತರಲು ಮಾವನವರ ಜೊತೆ ಕಡೂರಿನ ಆ ಅಂಗಡಿಗೆ ಹೋಗಿದ್ದೆ.

"ಎಷ್ಟು ಎಚ್‌ಪಿ ಯಜಮಾನ್ರೇ?" ಎಂದರು ಅಣ್ಣ.

"ಏಳೂವರೆ," ಎಂದರು ಮಾವ.

"ಆಂಪಿಯರ್ ಎಷ್ಟೈತೆ? ಡ್ರೈವ್ ಆರ್ಸೋದು ಅದ್ರ ಮೇಲೆ. ಮೋಟರ್ ಮೈಮೇಲೆ ಎಲ್ಲಾ ಬರ್ದಿರೋ ಪ್ಲೇಟ್ ಇರ್ತೈತಲ್ಲ, ಅದ್ರದೊಂದು ಫೋಟೋ ತನ್ನಿ."

"ನನ್ ಮೋಟರ್ ನಂಗೆ ಗೊತ್ತಿಲ್ವೇನಪ್ಪಾ?"

ಅಣ್ಣ ಒಲ್ಲದ ಮನಸ್ಸಿನಿಂದಲೇ ಕೊಟ್ಟರು. ಊರಿಗೆ ತಂದು ಜೋಡಿಸಿ ಕೊಬ್ಬರಿ ಹಾಕಿದ ಕೂಡಲೇ ಡ್ರೈವ್ ಟ್ರಿಪ್ ಆಗಿ ಗಾಣ ನಿಂತಿತು. ಮತ್ತೆ ಹಾಕಿದರೆ ಮತ್ತೆ ಅದೇ ಕಥೆ. ಮಾವ ನನ್ನನ್ನೂ ಎಳೆದುಕೊಂಡು ವಾಪಸ್ ಕಡೂರಿಗೆ ಹೋದವರೇ, ಗಿರಾಕಿಗಳ ಎದುರಿಗೇ, "ಡೂಪ್ಲಿಕೇಟ್ ಮಾಲು ಕೊಟ್ಟು ಟೋಪಿ ಹಾಕ್ತೀಯೇನಲೇ?" ಎಂದು ಕೂಗಾಡಿದರು. ಲಿಂಗದಹಳ್ಳಿ ಕಡೆಯವರಿಬ್ಬರು ಆರಿಸಿಟ್ಟ ಪಂಪ್ ಬಿಟ್ಟು ಎದ್ದು ಹೋದರು. ನಾನು ಗೋಡೆಯ ಸ್ವಿಚ್ಚುಗಳನ್ನು ನೋಡುತ್ತ ನಿಂತಿದ್ದೆ.

ಅಣ್ಣ ಅಂಗಡಿಗೆ ಬೀಗ ಹಾಕಿ ನಮ್ಮ ಹಿಂದೆಯೇ ಬೈಕಿನಲ್ಲಿ ಬಂದರು. ಮೋಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸೀಮೆಎಣ್ಣೆ ಬಟ್ಟೆಯಲ್ಲಿ ಪ್ಲೇಟ್ ಉಜ್ಜಿದರು. ವರ್ಷ ವರ್ಷ ಹಚ್ಚಿದ ಕುಂಕುಮ ಪದರಪದರವಾಗಿ ಎದ್ದು ಬಂತು. ಅದುವರೆಗೆ ಕಾಣುತ್ತಿದ್ದುದು ಏಳೂವರೆ ಎಂಬ ಅಂಕಿ ಮಾತ್ರ.

"ಏಳೂವರೆ ಕಿಲೋವ್ಯಾಟ್ ಕಣ್ರೀ ಇದು, ಎಚ್‌ಪಿ ಹತ್ತು. ಸಣ್ಣ ಡ್ರೈವ್ ಎಳೀಲಿಲ್ಲ ಅಷ್ಟೇ. ದೊಡ್ಡದು ಕಳಿಸ್ತೀನಿ." ಆಮೇಲೆ ಮೋಟರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಪೂಜೆ ಕುಂಕುಮ ಒರೆಸ್ಬಿಟ್ಟೆ, ತಪ್ಪಾಯ್ತು ತಾಯಿ."

ತಪ್ಪಾಯ್ತು ಎನ್ನಬೇಕಾದವರು ನಾವು. ಮಾವ ಮಾತ್ರ, "ಮೊದ್ಲೇ ಬಂದು ನೋಡೋಕೇನಾಗಿತ್ತು?" ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಮಜ್ಜಿಗೆ ಕೊಡುವಾಗ ಅಣ್ಣನ ಮುಖ ನೋಡಲಾಗಲಿಲ್ಲ.

ಡ್ರೈವ್ ಬದಲಾಯಿತು. ಊರ ಮಾತು ಬದಲಾಗಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. 'ಆ ಅಂಗ್ಡೀಲಿ ಎಲ್ಲಾ ಡೂಪ್ಲಿಕೇಟಂತೆ' ಎಂದು ಗಾಣಕ್ಕೆ ಬಂದವರು ನಮಗೇ ಹೇಳುತ್ತಿದ್ದರು. ಮಾವ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಾನು ಹಿಂಡಿ ತೂಗುತ್ತಿದ್ದೆ...

ಈಗ ಮಾವ ಇಲ್ಲ. ಈ ಸಲ ಪೂಜೆ ಮುಗಿಸಿ, ಬೆಲ್ಟ್ ತರುವ ನೆಪ ಮಾಡಿಕೊಂಡು ಆ ಅಂಗಡಿಗೆ ಹೋದೆ. ಅರ್ಧ ಖಾಲಿ ಕಪಾಟು, ಅದರ ಮೇಲೆ ಅಣ್ಣನ ಫೋಟೋ, ಫೋಟೋಗೆ ಹಾರ. ಗಲ್ಲಾದಲ್ಲಿ ಅವರ ಹೆಂಡತಿ ಕೂತಿದ್ದರು. ಬೆಲ್ಟ್ ಕಟ್ಟಿಕೊಡುತ್ತ, "ಯಾವೂರಾಯ್ತಕ್ಕ ನಿಮ್ದು?" ಎಂದರು.

ಅಜ್ಜಂಪುರ ಎನ್ನಲು ಬಾಯಿ ಬರಲಿಲ್ಲ. "ತರೀಕೆರೆ" ಅಂದೆ.

"ಅಲ್ಲಿ ಅಷ್ಟೊಂದ್ ಅಂಗ್ಡಿ ಇದ್ರೂ ನಮ್ಮಂಗ್ಡೀನೇ ಹುಡುಕ್ಕೊಂಡ್ ಬಂದ್ರಾ?" ಎಂದರು. ಆಕೆಯ ಮುಖ ಅರಳಿತು.