ಉತ್ತರಕ್ಕೆ ತಲೆಯಿಟ್ಟು

ಬೆಂಗಳೂರಿಗೆ ಬಂದ ಮೊದಲ ದಿನವೇ, ಯಾವ ಮಗ್ಗುಲಿಗೆ ಮಲಗಬೇಕು ಎನ್ನುವುದನ್ನೂ ನನಗೆ ಬೇರೆಯವರು ಹೇಳಿಕೊಟ್ಟರು. "ಬಲಕ್ಕೆ ತಿರುಕ್ಕೊ ಕಣವ್ವ, ಇಲ್ದಿದ್ರೆ ಮೂರು ಜನಕ್ಕೆ ಜಾಗ ಸಾಲಾಕಿಲ್ಲ" ಎಂದರು ತುಮಕೂರು ಕಡೆಯ ಸಾವಿತ್ರಕ್ಕ.

ಚಿಕ್ಕಬಾಣಾವರದ ಇಂಥ ಕೋಣೆಗೆ ಇಲ್ಲಿನವರು ಶೀಟ್ ಮನೆ ಎನ್ನುತ್ತಾರೆ. ಇಟ್ಟಿಗೆ ಗೋಡೆ, ಮೇಲೆ ಸಿಮೆಂಟ್ ಶೀಟು. ಒಲೆ, ಟ್ರಂಕು ಬಿಟ್ಟು ಉಳಿದ ನೆಲದಲ್ಲಿ ಸಾವಿತ್ರಕ್ಕ, ಮಾತು ಕಡಿಮೆಯ ಜಯಾ, ನಾನು. ಮೂವರೂ ಪೀಣ್ಯದ ಒಂದೇ ಕಾರ್ಖಾನೆಗೆ ಹೋಗುವವರು. ಹಾವೇರಿ ಕಡೆಯ ನಮ್ಮ ಪಡಸಾಲೆಯಲ್ಲಿ ಕೈಕಾಲು ಚೆಲ್ಲಿ ಅಂಗಾತ ಬೀಳುತ್ತಿದ್ದವಳು ನಾನು. ಇಲ್ಲಿ ಅಂಗಾತ ಮಲಗಿದರೆ ಇನ್ನೊಬ್ಬರ ಜಾಗ ನುಂಗಿದಂತೆ. ಎಡಕ್ಕೂ ತಿರುಗುವಂತಿಲ್ಲ. ಹಿಂದೆಂದೋ ಬಿದ್ದು ಪೆಟ್ಟಾದ ಎಡ ಸೊಂಟದ ಮೇಲೆ ಸಾವಿತ್ರಕ್ಕನಿಗೆ ಮಲಗಲಾಗದು. ಅವರು ಬಲಕ್ಕಾದರೆ, ಮೊಣಕಾಲಿಗೆ ಮೊಣಕಾಲು ಬಡಿಯದಂತೆ ನಾವೂ ಬಲಕ್ಕೆ.

ಆರು ತಿಂಗಳಲ್ಲಿ ನನ್ನ ಬಲಭುಜ ಹಿಡಿದುಕೊಂಡಿತು. ಜಡೆ ಹಾಕಿಕೊಳ್ಳಲೂ ಕೈ ಏಳದು. ನನ್ನ ಕೆಲಸವೋ, ಕಬ್ಬಿಣದ ಬಿಡಿಭಾಗ ಎತ್ತಿ ಅಳತೆ ನೋಡುವುದು. "ಹಿಂಗೇ ನಿಧಾನ ಆದ್ರೆ ಬೇರೆಯವರನ್ನ ಹಾಕ್ಬೇಕಾಗುತ್ತೆ ಮೇಡಂ" ಎಂದರು ಸೂಪರ್‌ವೈಸರ್. ಮರುದಿನವೇ ಆಸ್ಪತ್ರೆಗೆ ಹೋದೆ. ಅಲ್ಲಿ ವ್ಯಾಯಾಮ ಕಲಿಸುವ ಹುಡುಗಿ, "ಆ ಭುಜದ ಮೇಲೆ ಭಾರ ಹಾಕ್ಬೇಡಿ. ಎಡಕ್ಕೆ ಮಲಗಿ, ಬಲಗೈ ಕೆಳಗೊಂದು ದಿಂಬಿಡಿ" ಎಂದಳು. ಹೇಳುವುದು ಸುಲಭ.

ಉಪಾಯ ಹುಡುಕಿದ್ದೂ ಸಾವಿತ್ರಕ್ಕನೇ. "ನಮ್ ಕಾಲ್ ಕಡೀಕೆ ತಲೆ ಹಾಕ್ಕೊ. ಆಗ ಎಡಕ್ಕೆ ಮಲಗಿದ್ರೂ ನಮ್ಮಂಗೆ ಅದೇ ಗೋಡೆ ನೋಡ್ತೀಯ, ಕಾಲು ಬಡಿಯಾಕಿಲ್ಲ."

"ಬ್ಯಾಡ್ರಿ ಅಕ್ಕಾರ, ಅದು ಉತ್ತರ. ಮ್ಯಾಲ ನನ್ನ ಕಾಲು ನಿಮ್ಮ ಮಾರಿಗೆ ಬರ್ತಾವ."

"ಬರ್ಲಿ ಬಿಡು. ಕೆಲ್ಸ ಹೋದ್ಮೇಲೆ ಉತ್ತರ ಏನು, ದಕ್ಷಿಣ ಏನು?"

ಉತ್ತರಕ್ಕೆ ತಲೆ ಹಾಕುವುದು ಉಸಿರು ನಿಂತವರು ಮಾತ್ರ ಎಂದು ಹೇಳಿ ಬೆಳೆಸಿದವಳು ನಮ್ಮವ್ವ. ಮೊದಲ ದಿನ ತಲೆಯಿಟ್ಟಾಗ ಅವಳ ಮಾತೇ ಕಿವಿಯಲ್ಲಿತ್ತು. ಹಿರಿಯರ ಮುಖದೆದುರು ನನ್ನ ಒಡಕು ಹಿಮ್ಮಡಿ, ನಾಚಿಕೆಯಿಂದ ಮುದುಡಿಹೋದೆ. ಅಂದಿನಿಂದ ಮಲಗುವ ಮುಂಚೆ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಅವರು "ಸಾಕು, ಮಲ್ಕೊ" ಎಂದು ಗದರುತ್ತಾರೆ. ಕ್ರಮೇಣ ಕೈ ಭುಜದ ಮಟ್ಟ ದಾಟಿ ಎದ್ದಿತು. ಸೂಪರ್‌ವೈಸರ್ ಸದ್ಯಕ್ಕೆ ಸುಮ್ಮನಿದ್ದಾರೆ.

ಕಳೆದ ಭಾನುವಾರ ಮಧ್ಯಾಹ್ನ ಅವ್ವ ಫೋನು ಮಾಡಿದಳು.

"ಭುಜ ಹೆಂಗೈತಿ?"

"ಆರಾಮ ಆಗೇತಿ ಬೇ."

"ದೇವರು ದೊಡ್ಡಾವ. ತಲಿ ದಕ್ಷಿಣಕ್ಕ ಹಾಕ್ತಿ ಹೌದಿಲ್ಲೋ?"

ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಸಾವಿತ್ರಕ್ಕ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದರು.

"ಹೂಂ ಬೇ, ದಕ್ಷಿಣಕ್ಕ" ಎಂದೆ. ಅವ್ವನಿಗೆ ನಾನು ಸುಳ್ಳು ಹೇಳಿದ್ದು ಅದೇ ಮೊದಲು.

ಫೋನಿಟ್ಟು ಉತ್ತರಕ್ಕೆ ತಲೆಯಿಟ್ಟೆ. ಸುಳ್ಳು ಹೇಳಿದವಳಿಗೆ ನಿದ್ದೆ ಬರಲಾರದು ಅಂದುಕೊಂಡಿದ್ದೆ. ಬಂತು, ಊರಿನ ಪಡಸಾಲೆಯಲ್ಲಿ ಬರುತ್ತಿದ್ದಂಥದೇ ನಿದ್ದೆ. ಎದ್ದ ಮೇಲೆ ಅದಕ್ಕೇ ಅಳು ಬಂತು.